ಆನ್‌ಲೈನ್‌ನಲ್ಲಿ ಕ್ರಿಮಿನಲ್ ಜಸ್ಟಿಸ್ ಪದವಿ: ಫೀಸು ಕಟ್ಟುವ ಮುಂಚೆ, ಕಟ್ಟಿದ ಮೇಲೆ

ಅಮೆರಿಕದಲ್ಲಿ ಪೊಲೀಸ್ ಕೆಲಸಕ್ಕೆ ಸೇರಬೇಕಾದರೆ ಕ್ರಿಮಿನಲ್ ಜಸ್ಟಿಸ್‌ನಲ್ಲೇ, ಅಂದರೆ ಪೊಲೀಸ್, ಕೋರ್ಟು, ಜೈಲು ವ್ಯವಸ್ಥೆಯ ಅಧ್ಯಯನದಲ್ಲೇ ಡಿಗ್ರಿ ಆಗಿರಬೇಕು ಎಂದುಕೊಂಡವರು ಬಹಳ ಜನ. ಹಾಗೇನಿಲ್ಲ. ಅಲ್ಲಿನ ಎಷ್ಟೋ ಪೊಲೀಸ್ ಇಲಾಖೆಗಳಿಗೆ ಹೈಸ್ಕೂಲ್ ಮುಗಿಸಿದ್ದರೆ ಸಾಕು. ನ್ಯೂಯಾರ್ಕ್ ನಗರದ ಇಲಾಖೆ 60 ಕಾಲೇಜು ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಘಟಕ) ಕೇಳುತ್ತಿತ್ತು, 2025ರಲ್ಲಿ ಅದನ್ನೂ 24ಕ್ಕೆ ಇಳಿಸಿತು. ಎಫ್‌ಬಿಐ ಸ್ಪೆಷಲ್ ಏಜೆಂಟ್ ಹುದ್ದೆಗೆ ಪದವಿ ಕಡ್ಡಾಯ, ಆದರೆ ಯಾವ ವಿಷಯದ್ದಾದರೂ ನಡೆಯುತ್ತದೆ. ಅದರ ಜೊತೆಗೆ ಸಾಮಾನ್ಯವಾಗಿ ಎರಡು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು, ವಯಸ್ಸು 23 ತುಂಬಿರಬೇಕು, 37 ಆಗುವುದರೊಳಗೆ ನೇಮಕ ಮುಗಿದಿರಬೇಕು. ಫೆಡರಲ್ (ಕೇಂದ್ರ) ಕೋರ್ಟುಗಳ ಪ್ರೊಬೇಷನ್ ಆಫೀಸರ್, ಅಂದರೆ ಜೈಲಿನ ಹೊರಗೆ ನಿಗಾದಲ್ಲಿರುವ ಅಪರಾಧಿಗಳನ್ನು ನೋಡಿಕೊಳ್ಳುವ ಅಧಿಕಾರಿಯ ಹುದ್ದೆಗೂ ಪದವಿ ಬೇಕು. ಈ ಓದು ನೇರವಾಗಿ ಕೈಗೆ ಬರುವುದು ಇಂಥ ಕಡೆ.

ಆದ್ದರಿಂದ ಕಾಲೇಜು ಹುಡುಕುವ ಮೊದಲು ಕೆಲಸ ಹುಡುಕಿ. ನಿಮಗೆ ಬೇಕೆನಿಸಿದ ಹುದ್ದೆಯ ಮೂರು ನಾಲ್ಕು ನೇಮಕಾತಿ ಪ್ರಕಟಣೆಗಳನ್ನು ತೆರೆದು ಕನಿಷ್ಠ ಅರ್ಹತೆ, ವಯೋಮಿತಿ, ಪೌರತ್ವ ಮೂರನ್ನೂ ಬರೆದಿಟ್ಟುಕೊಳ್ಳಿ. ಫೆಡರಲ್ ಪೊಲೀಸ್ ಸ್ವರೂಪದ ಹುದ್ದೆಗಳಿಗೆ ಅಮೆರಿಕದ ಪೌರತ್ವವೇ ಬೇಕು, ಗ್ರೀನ್ ಕಾರ್ಡ್ ಸಾಲದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಪೂರ್ತಿ ಆನ್‌ಲೈನ್ ಪದವಿಯ ದಾರಿಯೇ ಇಲ್ಲ, ಏಕೆಂದರೆ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಟರ್ಮಿನಲ್ಲಿ (ಓದಿನ ಅವಧಿಯಲ್ಲಿ) ಒಂದೇ ಆನ್‌ಲೈನ್ ಕೋರ್ಸು, ಅಂದರೆ ಮೂರು ಕ್ರೆಡಿಟ್ ಮಾತ್ರ ಸೇರುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಪದವಿಯಿಂದ ಅದು ಅಳಿಸುವುದಿಲ್ಲ. ಮನೆಯೊಳಗಿನ ಹಿಂಸೆಯ ಸಣ್ಣ ಪ್ರಕರಣದಲ್ಲಿ ತಪ್ಪಿತಸ್ಥರಾದವರೂ ಬಂದೂಕು ಹೊಂದುವಂತಿಲ್ಲ ಎಂದು 1996ರ ಫೆಡರಲ್ ಕಾನೂನು ಹೇಳುತ್ತದೆ. ಬಂದೂಕು ಹಿಡಿಯಲಾಗದವರು ಅಲ್ಲಿ ಪೊಲೀಸ್ ಆಗುವುದೆಲ್ಲಿ? ಇದನ್ನು ನಾಲ್ಕು ವರ್ಷ ಓದಿದ ಮೇಲೆ ತಿಳಿಯುವುದು ತುಂಬ ದುಬಾರಿ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. ಪದವಿ ಬೇರೆ, ಪೊಲೀಸ್ ಅಕಾಡೆಮಿ ಬೇರೆ. ಅಕಾಡೆಮಿಯ ತರಬೇತಿ ಮತ್ತು ಪ್ರಮಾಣಪತ್ರದ ನಿಯಮವನ್ನು ಆಯಾ ರಾಜ್ಯವೇ ಮಾಡುತ್ತದೆ. ಪದವಿ ಕೈಯಲ್ಲಿದ್ದರೂ ಗುಂಡು ಹಾರಿಸುವುದು, ವಾಹನ ಓಡಿಸುವುದು, ಬಂಧಿಸುವುದು ಎಲ್ಲವನ್ನೂ ಅಲ್ಲಿ ಕಲಿತೇ ಆಗಬೇಕು.

ಹಾಗಾದರೆ ಪದವಿಯ ಲಾಭ ಎಲ್ಲಿದೆ? ಬಡ್ತಿಯಲ್ಲಿದೆ, ಪ್ರೊಬೇಷನ್, ಜೈಲು ಆಡಳಿತ, ಕೋರ್ಟ್ ಕಚೇರಿ, ಸಂತ್ರಸ್ತರ ನೆರವಿನಂಥ ಕೆಲಸಗಳಲ್ಲಿದೆ, ಫೆಡರಲ್ ವೇತನ ಶ್ರೇಣಿಯಲ್ಲಿದೆ. ಬರೀ ಪದವಿಯಿದ್ದರೆ ಅನೇಕ ಫೆಡರಲ್ ಹುದ್ದೆಗಳಿಗೆ ಜಿಎಸ್-5 ಶ್ರೇಣಿಯಲ್ಲಿ ಅರ್ಹತೆ ಸಿಗುತ್ತದೆ. ಒಟ್ಟಾರೆ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 3.0 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೇ ಪದವಿ ಜಿಎಸ್-7ಕ್ಕೆ ಒಯ್ಯಬಲ್ಲದು. 2.9 ತೆಗೆದವರು ಕೆಳಗಿನ ಮೆಟ್ಟಿಲಿನಲ್ಲೇ ಶುರು ಮಾಡಬೇಕಾಗಬಹುದು. ಇಡೀ ಪದವಿಯಲ್ಲಿ ಕಣ್ಣಿಟ್ಟು ಕಾಯಬೇಕಾದ ಅಂಕೆ ಯಾವುದೆಂದರೆ ಇದೇ.

ಮಾನ್ಯತೆಯ ವಿಷಯದಲ್ಲಿ ರಾಜಿ ಬೇಡ. ಕಾಲೇಜಿನ ಜಾಹೀರಾತು ನಂಬದೆ ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತಾ ದತ್ತಾಂಶದಲ್ಲಿ ಕಾಲೇಜಿನ ಹೆಸರು ಹಾಕಿ ನೋಡಿ. ಮಾನ್ಯತೆ ಕೊಟ್ಟ ಸಂಸ್ಥೆಗೇ ಇಲಾಖೆಯ ಮಾನ್ಯತೆ ಇದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಎಸಿಐಸಿಎಸ್ ಎಂಬ ಮಾನ್ಯತಾ ಸಂಸ್ಥೆಯೇ 2022ರಲ್ಲಿ ಅದನ್ನು ಕಳೆದುಕೊಂಡಿತು. ಮಾನ್ಯತಾ ಸಂಸ್ಥೆಗಳಲ್ಲಿ ಪ್ರಾದೇಶಿಕ, ರಾಷ್ಟ್ರೀಯ ಎಂಬ ಭೇದವನ್ನು ಇಲಾಖೆ 2020ರಲ್ಲಿ ಕಡತದಿಂದ ತೆಗೆದುಹಾಕಿದೆ ನಿಜ, ಆದರೆ ಕಾಲೇಜುಗಳು ಇನ್ನೂ ಮರೆತಿಲ್ಲ. ಎಚ್‌ಎಲ್‌ಸಿ, ಮಿಡಲ್ ಸ್ಟೇಟ್ಸ್, ಎಸ್‌ಎಸಿಎಸ್‌ಸಿಒಸಿಯಂಥ ಹಳೆಯ ಪ್ರಾದೇಶಿಕ ಸಂಸ್ಥೆಗಳ ಮಾನ್ಯತೆ ಇರುವ ಕಡೆ ಓದಿದರೆ ಕ್ರೆಡಿಟ್ ವರ್ಗಾವಣೆಗೂ ಮುಂದಿನ ಸ್ನಾತಕೋತ್ತರ ಪ್ರವೇಶಕ್ಕೂ ತಕರಾರು ಕಡಿಮೆ.

ಈಗ ಕ್ರೆಡಿಟ್ ಲೆಕ್ಕ. ಹೆಚ್ಚು ಹಣ ಉಳಿಯುವುದೂ ಹೆಚ್ಚು ಹಣ ಸೋರುವುದೂ ಇಲ್ಲಿಯೇ.

ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ಮೂರು ಕ್ರೆಡಿಟ್‌ನ ಕೋರ್ಸಾದರೆ 40 ಕೋರ್ಸು. ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಅದೇ ಪದವಿ 180 ಕ್ರೆಡಿಟ್ ಆಗುತ್ತದೆ, ಏಕೆಂದರೆ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಒಂದೂವರೆ ಕ್ವಾರ್ಟರ್ ಕ್ರೆಡಿಟ್. ಇದು ಗೊತ್ತಿಲ್ಲದೆ ಎರಡು ಕಾಲೇಜುಗಳ ಪ್ರತಿ ಕ್ರೆಡಿಟ್ ದರ ಹೋಲಿಸಿದರೆ ಅಗ್ಗವಾಗಿ ಕಂಡದ್ದೇ ಕೊನೆಗೆ ದುಬಾರಿಯಾಗುತ್ತದೆ. ಒಟ್ಟು ಕ್ರೆಡಿಟ್‌ನಿಂದ ಗುಣಿಸಿ, ಪ್ರತಿ ಟರ್ಮಿನ ತಾಂತ್ರಿಕ ಶುಲ್ಕ, ಪುಸ್ತಕದ ವೆಚ್ಚ ಸೇರಿಸಿ, ಆಮೇಲೆ ಹೋಲಿಸಿ.

ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ ಅಲ್ಲಿಂದ 60 ಕ್ರೆಡಿಟ್ ತರುವುದು ಒಳ್ಳೆಯ ದಾರಿ. ಆದರೆ ಯಾವ ಅಸೋಸಿಯೇಟ್ ಪದವಿ ಎಂಬುದು ಮುಖ್ಯ. ಎಎ (ಕಲೆ) ಅಥವಾ ಎಎಸ್ (ವಿಜ್ಞಾನ) ಮುಂದಿನ ಓದಿಗೆಂದೇ ರೂಪಿಸಿದ್ದು. ಎಎಎಸ್ (ಅನ್ವಯಿಕ ವಿಜ್ಞಾನ) ನೇರ ಕೆಲಸಕ್ಕೆ ಹೋಗುವವರಿಗೆ. ಎಎಎಸ್ ಮಾಡಿಕೊಂಡು ಬಂದವರ ವೃತ್ತಿ ಕೋರ್ಸುಗಳನ್ನು ಅನೇಕ ವಿಶ್ವವಿದ್ಯಾಲಯಗಳು ಐಚ್ಛಿಕ ಕ್ರೆಡಿಟ್ ಎಂದು ಒಪ್ಪಿಕೊಂಡು ಬದಿಗಿಡುತ್ತವೆ. ಅಂಕಪಟ್ಟಿಯಲ್ಲಿ 60 ಬಂದಂತೆ ಕಾಣುತ್ತದೆ, ಪದವಿಯ ಪಟ್ಟಿಯಲ್ಲಿ ಖಾಲಿ ಜಾಗ ಹಾಗೇ ಉಳಿದಿರುತ್ತದೆ. ಆದ್ದರಿಂದ ಪ್ರವೇಶ ಕಚೇರಿಯವರನ್ನು ‘ಎಷ್ಟು ಕ್ರೆಡಿಟ್ ಒಪ್ಪುತ್ತೀರಿ’ ಎಂದು ಕೇಳಬೇಡಿ. ‘ನನ್ನ ಯಾವ ಕೋರ್ಸು ನಿಮ್ಮ ಯಾವ ಕಡ್ಡಾಯ ಕೋರ್ಸಿನ ಬದಲಿಗೆ ನಿಲ್ಲುತ್ತದೆ’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಪರೀಕ್ಷೆ ಬರೆದೂ ಕ್ರೆಡಿಟ್ ಗಳಿಸಬಹುದು. ಕ್ಲೆಪ್ ಪರೀಕ್ಷೆಗಳಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಅಮೆರಿಕನ್ ಸರ್ಕಾರ ಇವೆ. ಅಂಥದ್ದೇ ಇನ್ನೊಂದು ಪರೀಕ್ಷಾ ಸರಣಿಯಾದ ಡಿಎಸ್‌ಎಸ್‌ಟಿಯಲ್ಲಿ ಕ್ರಿಮಿನಲ್ ಜಸ್ಟಿಸ್ ಎಂಬ ಪರೀಕ್ಷೆಯೇ ಇದೆ. ಪೊಲೀಸ್ ಅಕಾಡೆಮಿ ಅಥವಾ ಸೇನಾ ತರಬೇತಿ ಮುಗಿಸಿದವರಿಗೆ ಕೆಲವು ಕಾಲೇಜುಗಳು ಅದಕ್ಕೂ ಕ್ರೆಡಿಟ್ ಕೊಡುತ್ತವೆ. ಹೊರದೇಶದಲ್ಲಿ ಓದಿದವರು ನೇಸಸ್ ಎಂಬ ಮೌಲ್ಯಮಾಪನ ಸಂಸ್ಥೆಗಳ ಒಕ್ಕೂಟದ ಸದಸ್ಯ ಸಂಸ್ಥೆಯಿಂದ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಬೇಕು. ಸಾಮಾನ್ಯ ವರದಿ ಬೇಡ, ಪ್ರತಿ ಕೋರ್ಸಿನ ವಿವರ ಇರುವ ವರದಿಯನ್ನೇ ತರಿಸಿ, ಇಲ್ಲದಿದ್ದರೆ ಎರಡನೇ ಸಲ ಹಣ ಕಟ್ಟಬೇಕಾಗುತ್ತದೆ. ಎಷ್ಟೇ ತಂದರೂ ಕೊನೆಯ 30 ಕ್ರೆಡಿಟ್‌ನಷ್ಟಾದರೂ ಪದವಿ ಕೊಡುವ ಕಾಲೇಜಿನಲ್ಲೇ ಓದಬೇಕೆಂಬ ನಿಯಮ ಬಹುತೇಕ ಕಡೆ ಇದೆ.

ಸರ್ಕಾರದ ನೆರವಿನ ಹಣಕ್ಕೆ ಫಾಫ್ಸಾ ಎಂಬ ಫೆಡರಲ್ ಅರ್ಜಿ ತುಂಬಬೇಕು. ಅದು ಉಚಿತ, ತುಂಬಿಕೊಡುತ್ತೇವೆಂದು ಹಣ ಕೇಳುವವರ ಹತ್ತಿರ ಹೋಗಬೇಡಿ. 2025-26ರಲ್ಲಿ ಪೆಲ್ ಗ್ರಾಂಟ್ ಎಂಬ, ಸಾಮಾನ್ಯವಾಗಿ ಮರಳಿಸಬೇಕಿಲ್ಲದ ಫೆಡರಲ್ ನೆರವಿನ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ತೆಗೆದುಕೊಂಡ ಕ್ರೆಡಿಟ್‌ಗೆ ತಕ್ಕಂತೆ ಅದು ಇಳಿಯುತ್ತದೆ: ಟರ್ಮಿಗೆ 12 ಕ್ರೆಡಿಟ್ ಇದ್ದರೆ ಪೂರ್ತಿ, 6 ಇದ್ದರೆ ಅರ್ಧ. ಫೆಡರಲ್ ಸಾಲಕ್ಕೆ ಕನಿಷ್ಠ ಅರ್ಧಾವಧಿ, ಅಂದರೆ ಸಾಮಾನ್ಯವಾಗಿ 6 ಕ್ರೆಡಿಟ್ ಇರಲೇಬೇಕು. ನಿಧಾನವಾಗಿ ಓದೋಣ ಎಂದು ಒಂದೇ ಕೋರ್ಸು ಹಿಡಿದವರಿಗೆ ಸಾಲ ಬರದೇ ಹೋಗುವುದು ಇದರಿಂದಲೇ. ಉದ್ಯೋಗದಾತರು ಓದಿಗೆಂದು ಕೊಡುವ ವರ್ಷಕ್ಕೆ 5,250 ಡಾಲರ್‌ವರೆಗಿನ ನೆರವಿಗೆ ಆದಾಯ ತೆರಿಗೆ ಇಲ್ಲ. ಇಲಾಖೆಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರು ಇದನ್ನು ಮೊದಲು ವಿಚಾರಿಸಲಿ. ಟರ್ಮಿನ ಶೇ. 60 ಭಾಗ ದಾಟುವ ಮುಂಚೆ ಎಲ್ಲ ಕೋರ್ಸನ್ನೂ ಬಿಟ್ಟರೆ ಬಂದ ನೆರವಿನ ಒಂದು ಪಾಲು ವಾಪಸು ಹೋಗುತ್ತದೆ, ಕಾಲೇಜಿನ ಬಾಕಿ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಆನ್‌ಲೈನ್ ಎಂದರೆ ಹಗುರ ಎಂಬ ಭ್ರಮೆಯಲ್ಲೇ ಅನೇಕರು ಮೊದಲ ಟರ್ಮಿನಲ್ಲಿ ಮುಗ್ಗರಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಮೂರು ಕ್ರೆಡಿಟ್‌ಗೆ ಒಟ್ಟು 135 ಗಂಟೆ. ಇದೇ ಕೋರ್ಸನ್ನು ಎಂಟು ವಾರಕ್ಕೆ ಅದುಮಿದರೆ ವಾರಕ್ಕೆ ಸುಮಾರು 17 ಗಂಟೆ. ಎರಡು ಕೋರ್ಸು ಒಟ್ಟಿಗೆ ಹಿಡಿದರೆ 34. ಪಾಳಿಯಲ್ಲಿ ದುಡಿಯುವವರು ಎಂಟು ವಾರದ ಟರ್ಮಿನಲ್ಲಿ ಒಂದೊಂದೇ ಕೋರ್ಸು ಮುಗಿಸಿ, ಒಂದು ಸೆಮಿಸ್ಟರಿನಲ್ಲಿ ಒಂದರ ಹಿಂದೆ ಒಂದರಂತೆ ಎರಡು ಮಾಡುವುದು ಮೇಲು. ಎರಡೂ ಅದೇ ಸೆಮಿಸ್ಟರಿನ ಲೆಕ್ಕಕ್ಕೆ ಬರುವ ಕಾಲೇಜಾದರೆ 6 ಕ್ರೆಡಿಟ್ ಆಯಿತು, ಸಾಲದ ಅರ್ಹತೆಯೂ ಉಳಿಯಿತು.

ಬರೀ ಲಾಗಿನ್ ಆದರೆ ಹಾಜರಾತಿ ಅಲ್ಲ. ಫೆಡರಲ್ ನೆರವಿನ ನಿಯಮದ ಪ್ರಕಾರ ಏನಾದರೂ ಬರೆದು ಸಲ್ಲಿಸಿರಬೇಕು ಅಥವಾ ಚರ್ಚೆಯಲ್ಲಿ ಭಾಗವಹಿಸುವಂಥ ಓದಿನ ಕೆಲಸ ಮಾಡಿರಬೇಕು. ಚರ್ಚೆಗೆ ಬುಧವಾರದೊಳಗೆ ಮೊದಲ ಬರಹ, ಭಾನುವಾರದೊಳಗೆ ಸಹಪಾಠಿಗಳಿಗೆ ಎರಡು ಉತ್ತರ ಎಂಬುದು ಸಾಮಾನ್ಯ ಕ್ರಮ. ಎಲ್ಲವನ್ನೂ ಭಾನುವಾರ ರಾತ್ರಿಗೆ ತಳ್ಳಿದರೆ ಅಂಕ ಹೋಗುತ್ತದೆ. ಗಡುವು ಕಾಲೇಜಿನ ಸಮಯಕ್ಕೆ ಇರುತ್ತದೆ, ಪೂರ್ವ ಕರಾವಳಿಯ ರಾತ್ರಿ 11:59 ಎಂದರೆ ಕ್ಯಾಲಿಫೋರ್ನಿಯಾದಲ್ಲಿ 8:59. ಕ್ಯಾಮೆರಾ ಮುಂದೆ ಬರೆಯುವ ಪರೀಕ್ಷೆಗೆ ಲಾಕ್‌ಡೌನ್ ಬ್ರೌಸರ್, ಅಂದರೆ ಪರೀಕ್ಷೆ ಬಿಟ್ಟು ಬೇರೇನೂ ತೆರೆಯಲು ಬಿಡದ ತಂತ್ರಾಂಶ ಹಾಕಿಕೊಳ್ಳಬೇಕಾಗುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಅನುಮತಿ ಇಲ್ಲದೆ ಅದು ಕೂರುವುದೇ ಇಲ್ಲ. ಪರೀಕ್ಷೆಗೆ ಒಂದು ವಾರ ಮುಂಚೆಯೇ ಸ್ವಂತ ಯಂತ್ರದಲ್ಲಿ ಹಾಕಿ, ಅಣಕು ಪರೀಕ್ಷೆ ತೆರೆದು ನೋಡಿ.

ಕೋರ್ಸುಗಳಲ್ಲಿ ಪರಿಚಯ, ಪೊಲೀಸ್ ವ್ಯವಸ್ಥೆ, ಕಾರಾಗೃಹ, ಬಾಲ ನ್ಯಾಯ ಇವು ಓದಿದರೆ ದಕ್ಕುತ್ತವೆ. ಕೈ ನಡುಗಿಸುವವು ಎರಡು: ಕ್ರಿಮಿನಲ್ ಪ್ರೊಸೀಜರ್ (ಶೋಧ, ಬಂಧನ, ವಿಚಾರಣೆಯ ಕಾನೂನು ಕ್ರಮ) ಮತ್ತು ಸಂಶೋಧನಾ ವಿಧಾನ. ಕೆಲಸಕ್ಕೆ ಬರುವವೂ ಅವೇ.

ಪ್ರೊಸೀಜರ್‌ನಲ್ಲಿ ತೀರ್ಪುಗಳ ಸಾರ ಬರೆಯಬೇಕು: ಘಟನೆ, ಕೋರ್ಟಿನ ಮುಂದಿದ್ದ ಪ್ರಶ್ನೆ, ತೀರ್ಮಾನ, ಅದಕ್ಕೆ ಕಾರಣ. 1968ರ ಟೆರ್ರಿ ವಿರುದ್ಧ ಓಹಾಯೊ ತೀರ್ಪನ್ನೇ ತೆಗೆದುಕೊಳ್ಳಿ. ಕ್ಲೀವ್‌ಲ್ಯಾಂಡ್‌ನ ಪತ್ತೇದಾರರೊಬ್ಬರು, ಒಂದು ಅಂಗಡಿಯ ಕಿಟಕಿಯೊಳಗೆ ಮತ್ತೆ ಮತ್ತೆ ಇಣುಕುತ್ತ ಅಡ್ಡಾಡುತ್ತಿದ್ದವರನ್ನು ತಡೆದು ಮೈ ಸವರಿ ನೋಡಿದಾಗ ಪಿಸ್ತೂಲು ಸಿಕ್ಕಿತು. ‘ಅನುಮಾನ ಬಂದರೆ ಪೊಲೀಸರು ಶೋಧಿಸಬಹುದು ಎಂದು ಕೋರ್ಟ್ ಹೇಳಿತು’ ಎಂದು ವಿದ್ಯಾರ್ಥಿಗಳು ಬರೆದುಬಿಡುತ್ತಾರೆ. ಕೋರ್ಟ್ ಅಷ್ಟು ಬಿಟ್ಟುಕೊಟ್ಟಿಲ್ಲ. ಅಪರಾಧ ನಡೆಯಲಿದೆ ಎನ್ನಲು ಹೇಳಿ ತೋರಿಸಬಹುದಾದ ಕಾರಣವಿರಬೇಕು, ಆ ವ್ಯಕ್ತಿ ಆಯುಧ ಇಟ್ಟುಕೊಂಡಿದ್ದಾನೆ, ಅಪಾಯಕಾರಿ ಎಂದು ನಂಬಲು ಆಧಾರವಿರಬೇಕು, ಆಗಲೂ ಆಯುಧಕ್ಕಾಗಿ ಹೊರ ಉಡುಪನ್ನು ಸವರಿ ನೋಡುವಷ್ಟೇ ಅಧಿಕಾರ. ಈ ಮಿತಿಗಳನ್ನು ಬಿಟ್ಟು ಬರೆದ ಸಾರಕ್ಕೆ ಅಂಕ ಸಿಗುವುದಿಲ್ಲ, ಸಿಗಲೂಬಾರದು. ನಾಳೆ ಬೀದಿಯಲ್ಲಿ ಒಬ್ಬ ಮನುಷ್ಯನ ಹಕ್ಕು ಉಳಿಯುವುದೂ ಅಳಿಯುವುದೂ ಆ ಮಿತಿಯ ತಿಳಿವಳಿಕೆಯ ಮೇಲೆಯೇ.

ಸಂಶೋಧನಾ ವಿಧಾನದಲ್ಲಿ ಎಡವುವುದು ಅಂಕಿಅಂಶದ ಮೂಲದಲ್ಲಿ. ಎಫ್‌ಬಿಐ ಸಂಗ್ರಹ ಪೊಲೀಸರಿಗೆ ವರದಿಯಾದ ಅಪರಾಧಗಳದ್ದು. 1973ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಂತ್ರಸ್ತರ ಸಮೀಕ್ಷೆ 12 ವರ್ಷ ಮೇಲ್ಪಟ್ಟವರನ್ನು ಮನೆಮನೆಯಲ್ಲಿ ಕೇಳಿ ಪಡೆದದ್ದು, ಅದರಲ್ಲಿ ಪೊಲೀಸರಿಗೆ ಹೇಳದ ಅಪರಾಧವೂ ಇದೆ, ಕೊಲೆ ಮಾತ್ರ ಇಲ್ಲ. ಹಳೆಯ ಎಫ್‌ಬಿಐ ಪದ್ಧತಿಯಲ್ಲಿ ಒಂದೇ ಘಟನೆಯಲ್ಲಿ ದರೋಡೆಯೂ ಕೊಲೆಯೂ ಆಗಿದ್ದರೆ ಕೊಲೆಯೊಂದನ್ನೇ ಎಣಿಸುತ್ತಿದ್ದರು. 2021ರ ಜನವರಿಯಲ್ಲಿ ನಿಬರ್ಸ್ ಎಂಬ ವಿವರವಾದ ಪದ್ಧತಿಗೆ ಹೊರಳಿದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ಇಲಾಖೆಗಳು ಆ ವರ್ಷ ಅದಕ್ಕೆ ಮಾಹಿತಿ ಕೊಡಲಿಲ್ಲ. ಹಾಗಾಗಿ 2020 ಮತ್ತು 2021ರ ಒಟ್ಟು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ‘ಅಪರಾಧ ಇಳಿಯಿತು’ ಎಂದು ಬರೆದ ಪ್ರಬಂಧ ಬುಡದಲ್ಲೇ ತಪ್ಪು. ಯಾವ ಮೂಲ, ಏನನ್ನು ಎಣಿಸಿದೆ, ಯಾರು ಕೊಟ್ಟಿಲ್ಲ ಎಂಬ ಮೂರು ಸಾಲನ್ನು ಕೋಷ್ಟಕದ ಕೆಳಗೇ ಬರೆದುಬಿಡಿ.

ಇಂಟರ್ನ್‌ಶಿಪ್ ಇರುವ ಪದವಿಯಾದರೆ ಬಿಡದೆ ಮಾಡಿ. ಆನ್‌ಲೈನ್ ವಿದ್ಯಾರ್ಥಿ ತನ್ನ ಊರಿನ ಪ್ರೊಬೇಷನ್ ಕಚೇರಿ, ಕೋರ್ಟ್, ಪೊಲೀಸ್ ಠಾಣೆಯನ್ನು ತಾನೇ ಸಂಪರ್ಕಿಸಬೇಕಾಗುತ್ತದೆ. ಕಾಲೇಜು ಮತ್ತು ಕಚೇರಿಯ ನಡುವೆ ಒಪ್ಪಂದಪತ್ರ ಆಗಬೇಕು, ಬೆರಳಚ್ಚು ಕೊಡಬೇಕು, ಹಿನ್ನೆಲೆ ತಪಾಸಣೆ ಮುಗಿಯಬೇಕು, ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹಿಂದಿನ ಸೆಮಿಸ್ಟರಿನ ಆರಂಭದಲ್ಲೇ ಅರ್ಜಿ ಹಾಕಿ. ಕಳೆದ ಹತ್ತು ವರ್ಷದ ವಿಳಾಸ, ಕೆಲಸ, ಮೇಲಧಿಕಾರಿಗಳ ಹೆಸರು ಎಲ್ಲವನ್ನೂ ಒಂದೆಡೆ ಬರೆದಿಡಿ. ನೇಮಕಾತಿಯ ವೇಳೆ ಹಿನ್ನೆಲೆ ತಪಾಸಣೆ ಮಾಡುವವರು ಕೇಳುವುದೂ ಇಂಥದ್ದೇ ಪಟ್ಟಿಯನ್ನು, ಆಗ ಎರಡು ಕಡೆಯ ತಾರೀಖುಗಳೂ ಒಂದಕ್ಕೊಂದು ತಾಳೆಯಾಗಬೇಕು.