ಹನ್ನೆರಡು ತಂತಿಯ ಗಿಟಾರಿನಲ್ಲಿ ಜೋಡಿಗಳನ್ನು ಕೇಳಿಸಿಕೊಳ್ಳುವುದು

ಆರು ತಂತಿಯ ಗಿಟಾರಿಗೆ ಇನ್ನಾರು ತಂತಿ ಸೇರಿಸಿ ನಾದವನ್ನು ದೊಡ್ಡದು ಮಾಡಿದ ವಾದ್ಯವೇ ಹನ್ನೆರಡು ತಂತಿಯ ಗಿಟಾರ್ ಎಂದು ಬಹಳ ಜನ ತಿಳಿದಿರುತ್ತಾರೆ. ನನ್ನ ಮಟ್ಟಿಗೆ, ಅದು ಬೇರೆಯದೇ ವಾದ್ಯವೆಂದು ಒಪ್ಪಿಕೊಂಡ ಮೇಲೆಯೇ ಕೈಗೆ ಒಲಿಯಿತು. ಕಾರ್ಡುಗಳಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗೆ, ಬೆರಳಿಡುವ ಜಾಗಗಳು ಹಳೆಯವೇ ಆದರೂ ಒಂದು ಬೆರಳು ಒತ್ತಿದಾಗ ಹೊರಡುವುದು ಎರಡು ತಂತಿಗಳ ನಾದ. ಆ ಎರಡರ ನಡುವೆ ಏನಾಗುತ್ತಿದೆ ಎಂಬುದನ್ನು ಕಿವಿಗೊಟ್ಟು ಕೇಳದೆ ನುಡಿಸಿದರೆ ಕೊನೆಗೆ ಉಳಿಯುವುದು ಗದ್ದಲ ಮಾತ್ರ.

ಹನ್ನೆರಡು ತಂತಿಗಳು ಆರು ಜೋಡಿಗಳಾಗಿ ಇರುತ್ತವೆ; ಎಣಿಕೆ ನುಡಿಸುವಾಗ ನೆಲದ ಕಡೆಗಿರುವ ಜೋಡಿಯಿಂದ. ಒಂದನೆಯ ಮತ್ತು ಎರಡನೆಯ ಜೋಡಿಗಳಲ್ಲಿ ಎರಡೂ ತಂತಿಗಳಿಗೆ ಒಂದೇ ಶ್ರುತಿ. ಮೂರರಿಂದ ಆರರವರೆಗಿನ ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕಕ್ಕೆ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುತ್ತದೆ. ಇವುಗಳ ಪೈಕಿ ಮೂರನೆಯ ಜೋಡಿಯೇ ಈ ವಾದ್ಯದ ಜೀವಾಳ. ಅದರ ದಪ್ಪ ಜಿ ತಂತಿ 196 ಹರ್ಟ್ಸ್, ಜೊತೆಯ ತೆಳು ತಂತಿ 392 ಹರ್ಟ್ಸ್. ಒಂದನೆಯ ಇ ತಂತಿಯಾದರೋ ಸುಮಾರು 330 ಹರ್ಟ್ಸ್ ಅಷ್ಟೇ. ಹೀಗಾಗಿ ಇಡೀ ಗಿಟಾರಿನ ಅತಿ ಮೇಲಿನ ಸ್ವರದ ತಂತಿ ಅಂಚಿನಲ್ಲಿರದೆ ನಡುವಿನಲ್ಲಿ ಕುಳಿತಿದೆ. ಎರಡನೆಯ ಜೋಡಿಯ ಬಿ ಸ್ವರವನ್ನು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತದೆ ಮೀಟಿ, ಅಲ್ಲಿಂದ ಮೂರನೆಯ ಜೋಡಿಯ ಎರಡನೆಯ ಫ್ರೆಟ್‌ನಲ್ಲಿರುವ ಎ ಸ್ವರಕ್ಕೆ ಇಳಿದು ನೋಡಿ: ಸ್ವರ ಒಂದು ಮೆಟ್ಟಿಲು ಕೆಳಗಿಳಿದ ಕ್ಷಣದಲ್ಲೇ 440 ಹರ್ಟ್ಸ್‌ನ ಇನ್ನೊಂದು ಎ ಅದರ ಮೇಲೆ ಹೊಳೆಯುತ್ತದೆ. ಕಾರ್ಡುಗಳನ್ನು ಸುಮ್ಮನೆ ಬಾರಿಸುವಾಗ ಈ ಗಿಟಾರಿಗೆ ಬರುವ ಮೆರುಗು ಬಹುಪಾಲು ಇಲ್ಲಿಂದಲೇ ಬರುತ್ತದೆ. ಎಲ್ಲಕ್ಕಿಂತ ಬೇಗ ತುಂಡಾಗುವುದೂ ಇದೇ ತಂತಿ; 0.008 ಅಥವಾ 0.009 ಅಂಗುಲದ ಒಂದೆರಡು ಬಿಡಿ ತಂತಿಗಳನ್ನು ಗಿಟಾರ್ ಚೀಲದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಶ್ರುತಿ ಮಾಡುವಾಗ ಜೋಡಿಯ ಎರಡೂ ತಂತಿಗಳು ಒಟ್ಟಿಗೆ ಮಿಡಿದರೆ ಟ್ಯೂನರ್‌ನ ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಆದ್ದರಿಂದ ನಾನು ಜೋಡಿಗೊಂದರಂತೆ ಆರು ಮುಖ್ಯ ತಂತಿಗಳನ್ನು ಮೊದಲು ಟ್ಯೂನರ್ ನೋಡಿ ಕೂಡಿಸುತ್ತೇನೆ, ಆಗ ಪಕ್ಕದ ತಂತಿಯನ್ನು ಬೆರಳಿನಿಂದ ಮುಟ್ಟಿ ಸುಮ್ಮನಾಗಿಸುತ್ತೇನೆ. ಅನಂತರ ಜೊತೆಯ ತಂತಿಗಳನ್ನು ಕಿವಿಯಿಂದಲೇ ಸೇರಿಸುತ್ತೇನೆ. ಒಂದು ತಂತಿ 330, ಇನ್ನೊಂದು 332 ಹರ್ಟ್ಸ್ ಇದ್ದರೆ ನಾದ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತದೆ. ಬಿರಡೆ ತಿರುಗಿಸುತ್ತಾ ಹೋದಂತೆ ಈ ಅಲೆ ನಿಧಾನವಾಗುತ್ತಾ ಬರುತ್ತದೆ. ಸ್ಥಾಯಿ ಜೋಡಿಗಳಲ್ಲೂ ಅಲೆ ಕೇಳಿಸುತ್ತದೆ, ಏಕೆಂದರೆ ದಪ್ಪ ತಂತಿಯ ನಾದದೊಳಗೆ ಅದರ ಇಮ್ಮಡಿ ಕಂಪನವೂ ಸೇರಿರುತ್ತದೆ. ತಂಬೂರಿಯ ಸಾರಣೆ, ಅನುಸಾರಣೆಗಳನ್ನು ಕೂಡಿಸಿ ಅಭ್ಯಾಸವಿರುವ ನಮ್ಮ ಸಂಗೀತಗಾರರಿಗೆ ಈ ಕೆಲಸ ಹೊಸದೆನಿಸಲಾರದು. ಸ್ಥಾಯಿ ಜೋಡಿಗಳಲ್ಲಿ ಅಲೆ ಪೂರ್ತಿ ನಿಲ್ಲಬೇಕೆಂಬುದು ನನ್ನ ಹಟ. ಒಂದನೆಯ ಮತ್ತು ಎರಡನೆಯ ಜೋಡಿಗಳಲ್ಲಿ ಮಾತ್ರ ತೀರಾ ನಿಧಾನದ ಒಂದು ಅಲೆ ಉಳಿದರೆ ನಾದ ಇನ್ನೂ ತುಂಬಿಕೊಂಡಂತೆ ಕೇಳುತ್ತದೆ. ಕೊನೆಯಲ್ಲಿ ಒಂದು ಕಾರ್ಡನ್ನು ಹಿಡಿದು ಪರೀಕ್ಷಿಸಲೇಬೇಕು. ಬೆರಳು ಬಲವಾಗಿ ಒತ್ತಿದಾಗ ದಪ್ಪ ತಂತಿ ಏರುವಷ್ಟೇ ತೆಳು ತಂತಿಯೂ ಏರುವುದಿಲ್ಲವಾದ್ದರಿಂದ, ಒತ್ತದೆ ಮೀಟಿದಾಗ ಸರಿಯಿದ್ದ ಜೋಡಿ ಫ್ರೆಟ್ ಹಿಡಿದಾಗ ಕೆಡಬಹುದು. ಒತ್ತಡ ಹಗುರವಾಗಿದ್ದಷ್ಟೂ ಶ್ರುತಿ ಉಳಿಯುತ್ತದೆ.

ಹಗುರವಾಗಿ ಒತ್ತಬೇಕಾದರೆ ತಂತಿಗಳ ಬಿಗಿಯೂ ಮಿತಿಯಲ್ಲಿರಬೇಕು. ಆರು ತಂತಿಯ ಹಗುರ ಸೆಟ್ಟು ಸುಮಾರು 70 ಕಿಲೋಗ್ರಾಂ ಭಾರದಷ್ಟು ಎಳೆದರೆ, ಹನ್ನೆರಡು ತಂತಿಯದು 110 ಕಿಲೋಗ್ರಾಂ ಮೀರಬಹುದು. ಈ ಎಳೆತ ವರ್ಷಗಟ್ಟಲೆ ಇದ್ದರೆ ಕುದುರೆ ಮೇಲೇಳುತ್ತದೆ, ಅದರ ಹಿಂದಿನ ಹಲಗೆ ಉಬ್ಬುತ್ತದೆ. ಹಾಗಾಗಿ ಎಲ್ಲ ತಂತಿಗಳನ್ನೂ ಒಂದು ಪೂರ್ಣ ಸ್ವರ ಇಳಿಸಿ, ಬೇಕಾದಾಗ ಎರಡನೆಯ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕುವ ರೂಢಿಯನ್ನು ನಾನೂ ಹಿಡಿದಿದ್ದೇನೆ. 1933ರಲ್ಲಿ ಲೂಯಿಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಜನಪದ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಧ್ವನಿಮುದ್ರಿಸಿಕೊಂಡ ಗಾಯಕ ಲೆಡ್ ಬೆಲ್ಲಿ ತಮ್ಮ ಸ್ಟೆಲ್ಲಾ ಬ್ರ್ಯಾಂಡಿನ ಹನ್ನೆರಡು ತಂತಿಯ ಗಿಟಾರನ್ನು ಇದಕ್ಕಿಂತಲೂ ಬಹಳ ಕೆಳಗಿನ ಶ್ರುತಿಯಲ್ಲಿಟ್ಟು, ಮಂದ್ರ ಜೋಡಿಗಳ ಮೇಲೆ ಹೆಬ್ಬೆರಳಿನ ನಡೆಯಿಂದಲೇ ಹಾಡನ್ನು ಹೊತ್ತೊಯ್ಯುತ್ತಿದ್ದರು.

ಬಲಗೈಗೆ ಬಂದರೆ, ಸಾಮಾನ್ಯ ಗಿಟಾರುಗಳಲ್ಲಿ ಸ್ಥಾಯಿ ಜೋಡಿಯ ತೆಳು ತಂತಿ ನುಡಿಸುವವರ ಮುಖದ ಕಡೆಗಿರುತ್ತದೆ. ಹೆಬ್ಬೆರಳು ಕೆಳಮುಖವಾಗಿ ಮೀಟಿದಾಗ ಮೊದಲು ಸಿಗುವುದು ತೆಳು ತಂತಿ. ಉಳಿದ ಬೆರಳುಗಳು ಮೇಲ್ಮುಖವಾಗಿ ಮೀಟಿದಾಗ ಮೊದಲು ಸಿಗುವುದು ದಪ್ಪ ತಂತಿ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1964ರಿಂದ ನುಡಿಸಿದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಕ್ರಮ ತಿರುವುಮುರುವು, ಅದರ ನಾದದ ಗುಣವೇ ಬೇರೆಯಾಗಿ ಕೇಳಲು ಇದೂ ಒಂದು ಕಾರಣ. ಹೊಸದಾಗಿ ಕಲಿಯುವವರು ಕಾರ್ಡುಗಳನ್ನು ಬಾರಿಸುವ ಮುನ್ನ, ಆರನೆಯ ಮತ್ತು ಐದನೆಯ ಜೋಡಿಗಳ ಮೇಲೆ ಜಿ, ಎ, ಬಿ, ಸಿ ಸ್ವರಗಳನ್ನು ಹೆಬ್ಬೆರಳೊಂದರಿಂದಲೇ ನಿಧಾನವಾಗಿ ನುಡಿಸಿಕೊಳ್ಳಲಿ. ಪ್ರತಿ ಸ್ವರದಲ್ಲೂ ಎರಡು ತಂತಿಗಳೂ ಒಂದೇ ತೂಕದಲ್ಲಿ ಕೇಳುವವರೆಗೆ ವೇಗ ಹೆಚ್ಚಿಸುವುದು ಬೇಡ.