ಕಂಪ್ಯೂಟರಿನ ವಿಡಿಯೋ ತಿರುಗಿ ಕ್ಯಾಸೆಟ್ಟಿಗೆ: ಕರಾವಳಿಯವರಿಗೆ ಒಂದಿಷ್ಟು ಟಿಪ್ಪಣಿ

ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ ಎಂದು ಹೇಳುವವರು ಬೇಕಾದಷ್ಟು ಜನ. ಎಡಿಟ್ ಮಾಡಿದ ವಿಡಿಯೋವನ್ನು ತಿರುಗಿ ಕ್ಯಾಸೆಟ್ಟಿಗೆ ಹಾಕಬೇಕು ಎಂದರೆ ನಗುತ್ತಾರೆ. ಆದರೆ ಅಂಥ ಅಗತ್ಯ ಇರುವ ಮನೆಗಳು ಇವೆ. ವಿಡಿಯೋ ಕ್ಯಾಸೆಟ್ ಓಡಿಸುವ, ರೆಕಾರ್ಡೂ ಮಾಡುವ ವಿಸಿಆರ್ ಇನ್ನೂ ಓಡುತ್ತಿದೆ, ಅದರ ಪ್ಲೇ ಬಟನ್ ಬಿಟ್ಟು ಬೇರೇನನ್ನೂ ಮುಟ್ಟಲು ಒಪ್ಪದ ಅಜ್ಜಿ ಇದ್ದಾರೆ, ಮೊಮ್ಮಗನ ಮುಂಜಿ, ಮಾರಿಕಾಂಬಾ ಜಾತ್ರೆ, ಊರಿನ ಯಕ್ಷಗಾನದ ಆಟ ಎಲ್ಲ ಪೆನ್‌ಡ್ರೈವಿನಲ್ಲಿ ಕೂತಿದೆ.

ಮೊದಲು ಮೆಷಿನ್ನಿನ ಮುಖ ನೋಡಿ. ನಮ್ಮ ಕಡೆ ಮನೆಗಳಲ್ಲಿ ಉಳಿದಿರುವ ಎಷ್ಟೋ ಪೆಟ್ಟಿಗೆಗಳು ವಿಸಿಆರ್ ಅಲ್ಲ, ವಿಸಿಪಿ. ಕ್ಯಾಸೆಟ್ ಓಡಿಸುವುದಷ್ಟೇ ಅದರ ಕೆಲಸ, ರೆಕಾರ್ಡ್ ಮಾಡುವುದಿಲ್ಲ. ಮುಂದೆ ಕೆಂಪು ಗುರುತಿನ ರೆಕಾರ್ಡ್ ಬಟನ್, ಹಿಂದೆ ‘ಇನ್’ ಎಂದು ಬರೆದ ಹಳದಿ ತೂತು, ಎರಡೂ ಇರಬೇಕು. ಇನ್ನೊಂದು ಎಡವಟ್ಟು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯದು. ಅದಕ್ಕೂ ಹಳದಿ, ಬಿಳಿ, ಕೆಂಪು ಪಿನ್ನುಗಳಿರುವುದರಿಂದ ಎರಡೂ ಕಡೆಗೆ ನಡೆಯುತ್ತದೆ ಅನ್ನಿಸುತ್ತದೆ. ಅದು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಮಾತ್ರ, ಉಲ್ಟಾ ಹೋಗುವುದಿಲ್ಲ. ಹೊಸ ವಿಸಿಆರ್ ಕೊಳ್ಳುತ್ತೇನೆ ಎಂದರೆ ಆ ಕಾಲ ಮುಗಿದಿದೆ: ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ 2016ರ ಜುಲೈಯಲ್ಲಿ ನಿಲ್ಲಿಸಿತು. ಇರುವುದನ್ನೇ ಜೋಪಾನ ಮಾಡಬೇಕು.

ದಾರಿಗಳು ಎರಡು. ಮನೆಯಲ್ಲಿ ಮಿನಿಡಿವಿ ಕ್ಯಾಮ್‌ಕಾರ್ಡರ್ (ಚಿಕ್ಕ ಡಿಜಿಟಲ್ ಟೇಪಿನ ಕ್ಯಾಮೆರಾ) ಇದ್ದು, ಕಂಪ್ಯೂಟರಿನಲ್ಲಿ ಅದನ್ನು ಜೋಡಿಸುವ ಫೈರ್‌ವೈರ್ ಪೋರ್ಟ್ ಇದ್ದರೆ ಅದೇ ಒಳ್ಳೆಯ ದಾರಿ. ಕಂಪ್ಯೂಟರಿನಿಂದ ಡಿವಿ ಫೈಲ್ ಕ್ಯಾಮೆರಾಗೆ ಹೋಗುತ್ತದೆ, ಕ್ಯಾಮೆರಾದ ಎವಿ ಔಟ್‌ನಿಂದ ಶುದ್ಧ ಪಾಲ್ (ನಮ್ಮ ದೇಶದ ಟಿವಿಯ ಮಾದರಿ) ಸಿಗ್ನಲ್ ವಿಸಿಆರಿಗೆ ಬರುತ್ತದೆ. ಬೇಕಾದರೆ ನಡುವೆ ಮಿನಿಡಿವಿ ಟೇಪಿನಲ್ಲೂ ಒಂದು ಪ್ರತಿ ಕೂರಿಸಬಹುದು. ಆದರೆ ಪಾಲ್ ಮಾದರಿಯ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಡಿವಿ ಒಳಬರುವ ದಾರಿಯನ್ನು ಕಂಪನಿಯವರೇ ಮುಚ್ಚಿಟ್ಟಿರುತ್ತಾರೆ. ಯುರೋಪಿನಲ್ಲಿ ಹೊರಗಿನಿಂದ ಬಂದ ವಿಡಿಯೋವನ್ನೂ ರೆಕಾರ್ಡ್ ಮಾಡುವ ಕ್ಯಾಮೆರಾಗೆ ಹೆಚ್ಚು ಸುಂಕ ಬೀಳುತ್ತಿತ್ತು, ಅದನ್ನು ತಪ್ಪಿಸಲು ಮಾಡಿದ ಕೆಲಸ ಅದು. ಪೋರ್ಟಿನ ಪಕ್ಕ ‘ಡಿವಿ ಔಟ್’ ಎಂದಷ್ಟೇ ಇದ್ದರೆ ಆ ಕ್ಯಾಮೆರಾ ಈ ಕೆಲಸಕ್ಕೆ ಬಾರದು, ‘ಇನ್/ಔಟ್’ ಇರಬೇಕು. ಕ್ಯಾನೋಪಸ್ ಕಂಪನಿಯ ಎಡಿವಿಸಿ-110 ಪೆಟ್ಟಿಗೆ ಯಾರ ಹತ್ತಿರವಾದರೂ ಇದ್ದರೆ ಕ್ಯಾಮೆರಾ ಬೇಡವೇ ಬೇಡ, ಅದು ಎರಡೂ ದಿಕ್ಕಿಗೆ ನಡೆಯುತ್ತದೆ. ಎಡಿವಿಸಿ-55 ಮಾತ್ರ ತರಬೇಡಿ, ಅದು ಕಂಪ್ಯೂಟರಿನ ಒಳಗೆ ತೆಗೆದುಕೊಳ್ಳುವುದಷ್ಟೇ.

ಫೈರ್‌ವೈರ್ ಕೇಬಲಿನಲ್ಲಿ 4 ಪಿನ್ನಿನದು ಕ್ಯಾಮೆರಾ ತುದಿ, 6 ಪಿನ್ನಿನದು ಕಂಪ್ಯೂಟರ್ ತುದಿ. 6 ಪಿನ್ನಿನಲ್ಲಿ ಕರೆಂಟೂ ಹರಿಯುತ್ತದೆ. ಉಲ್ಟಾ ಒತ್ತಿ ಕೂರಿಸಿದರೆ ಪೋರ್ಟ್ ಸುಟ್ಟೇ ಹೋಗಬಹುದು, ಆದ್ದರಿಂದ ಎರಡೂ ಆಫ್ ಇರುವಾಗಲೇ ಜೋಡಿಸಿ. ಫೈಲ್ ಡಿವಿ ಪಾಲ್ ಆಗಿರಬೇಕು: 720×576, ಸೆಕೆಂಡಿಗೆ 25 ಫ್ರೇಮ್, ಕೆಳಗಿನ ಫೀಲ್ಡ್ ಮೊದಲು, ಶಬ್ದ 48 ಕಿಲೋಹರ್ಟ್ಸ್ 16 ಬಿಟ್. ಒಂದು ಫ್ರೇಮಿನ ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಬರುತ್ತವೆ, ಆ ಕಂತೇ ಫೀಲ್ಡ್. ಅದರ ಕ್ರಮ ತಪ್ಪಿದರೆ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಚಿತ್ರ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋದಂತೆ ನಡುಗುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಅಂದರೆ 20 ನಿಮಿಷದ ಹತ್ತಿರ ತುಂಡಾಗುತ್ತದೆ, ಎನ್‌ಟಿಎಫ್‌ಎಸ್ ಇರಲಿ. ಕಳಿಸುವುದಕ್ಕೆ ವಿಂಡೋಸ್ ಎಕ್ಸ್‌ಪಿಯ ಮೂವಿ ಮೇಕರ್ ಸಾಕು, ವಿನ್‌ಡಿವಿ ಎಂಬ ಪುಟ್ಟ ಪ್ರೋಗ್ರಾಂ ಇನ್ನೂ ಹಗುರ. ಹಳೇ ಎಕ್ಸ್‌ಪಿ ಡೆಸ್ಕ್‌ಟಾಪ್ ಅಟ್ಟದ ಮೇಲಿದ್ದರೆ ಇಳಿಸಿ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ.

ಫೈರ್‌ವೈರ್ ಇಲ್ಲದ ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐಯಿಂದ ಎವಿಗೆ ತಿರುಗಿಸುವ ಚಿಕ್ಕ ಡಬ್ಬಿ. ಕೊಳ್ಳುವಾಗ ದಿಕ್ಕು ನೋಡಿ, ಎವಿಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿಯೂ ಹೊರನೋಟಕ್ಕೆ ಹೀಗೆಯೇ ಇರುತ್ತದೆ. ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಸಣ್ಣ ಸ್ವಿಚ್ ಇದೆಯಲ್ಲ, ಅದು ಪಾಲ್ ಕಡೆ ಇರಲಿ. 5 ವೋಲ್ಟ್ ಕರೆಂಟನ್ನು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕೊಡಿ. ಕಂಪ್ಯೂಟರಿನ ಎರಡನೇ ಪರದೆಯನ್ನು 720×576, 50 ಹರ್ಟ್ಸಿಗೆ ಹೊಂದಿಸಿ. 60ರಲ್ಲೇ ಬಿಟ್ಟರೆ ಡಬ್ಬಿ ಅದನ್ನು 50ಕ್ಕೆ ಇಳಿಸುವಾಗ ಫ್ರೇಮ್ ನುಂಗುತ್ತದೆ. ತೇರು ಸಾಗುವ ದೃಶ್ಯ ತಡವರಿಸುತ್ತದೆ. ಈ ದಾರಿಯಲ್ಲಿ ಫೈಲನ್ನು ಸೆಕೆಂಡಿಗೆ 50 ಪೂರ್ಣ ಫ್ರೇಮಿನದಾಗಿ ತೆಗೆದರೆ ಚಲನೆ ನಯವಾಗಿ ಬರುತ್ತದೆ. ಮೊಬೈಲಿನಲ್ಲಿ ತೆಗೆದದ್ದು ಸಾಮಾನ್ಯವಾಗಿ 30 ಫ್ರೇಮ್, ಅದೂ ಏರಿಳಿಯುವ ಫ್ರೇಮ್ ದರ. ಅದನ್ನು ಹಾಗೇ ಎಡಿಟಿಂಗ್ ಪ್ರೋಗ್ರಾಂನ ಟೈಮ್‌ಲೈನಿಗೆ ಎಳೆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗಬಹುದು. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಂನಲ್ಲಿ ಸ್ಥಿರ ದರಕ್ಕೆ ತಂದು ಆಮೇಲೆ ಎಡಿಟ್ ಮಾಡಿ.

ಈಗಿನ ಅಗಲ ಚಿತ್ರವನ್ನು ಹಳೇ ಟಿವಿಯ 4:3ಕ್ಕೆ ಕೂರಿಸುವಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು. 576 ಗೆರೆಗಳಲ್ಲಿ ಚಿತ್ರಕ್ಕೆ ಸಿಗುವುದು 432. ಪಟ್ಟಿ ಬೇಡವೆಂದು ಹಿಗ್ಗಿಸಿದರೆ ಎಲ್ಲರೂ ಅಡಿಕೆ ಮರದಂತೆ ಸಪೂರ ಉದ್ದ ಕಾಣುತ್ತಾರೆ. ಡಬ್ಬಿಯ ದಾರಿಯಾದರೆ, ವಿಡಿಯೋ ಓಡಿಸುವ ವಿಎಲ್‌ಸಿ ಪ್ರೋಗ್ರಾಂನಲ್ಲಿ ಆಸ್ಪೆಕ್ಟ್ ರೇಶಿಯೋ (ಅಗಲ, ಎತ್ತರದ ಅನುಪಾತ) 5:4 ಆರಿಸಿದರೆ 720×576ರ ಪರದೆ ಪೂರ್ತಿ ತುಂಬುತ್ತದೆ. ಅನುಮಾನವಿದ್ದರೆ ಟೈಮ್‌ಲೈನಿನ ಮೊದಲಿಗೆ ಒಂದು ವೃತ್ತ ಬರೆದಿಡಿ, ಟಿವಿಯ ಮೇಲೆ ಅಳತೆಪಟ್ಟಿ ಇಟ್ಟು ಅಡ್ಡ, ಉದ್ದ ನೋಡಿ.

ಇಲ್ಲಿಯವರೆಗಿನದು ಕೇಬಲ್ಲಿನ ವಿಷಯ. ಕೆಟ್ಟ ಕ್ಯಾಸೆಟ್ಟಿಗೆ ಕೇಬಲ್ ಕಾರಣವಾಗುವುದು ಕಡಿಮೆ. ಟೈಮ್‌ಲೈನಿನಲ್ಲಿ ಕೂತಾಗಲೇ ಟೇಪಿನ ಮಿತಿಯನ್ನು ಒಪ್ಪಿಕೊಳ್ಳದೇ ಇರುವುದೇ ಹೆಚ್ಚಿನ ಸಲ ಕಾರಣ. ವಿಎಚ್‌ಎಸ್ (ಈ ಕ್ಯಾಸೆಟ್ಟಿನ ಮಾದರಿ) ಹಿಡಿಯುವುದು ಅಡ್ಡಕ್ಕೆ ಸುಮಾರು 240 ಗೆರೆಯ ವಿವರ, ಬಣ್ಣಕ್ಕಂತೂ 40ರ ಆಸುಪಾಸು. ಯಕ್ಷಗಾನದ ವೇಷಧಾರಿ ತೊಡುವ ಕೆಂಪು ಅಂಗಿ, ದಗಲೆ, ಇದಕ್ಕೆ ಸರಿಯಾದ ಪರೀಕ್ಷೆ: ಕೆಂಪು ಬಣ್ಣ ಅಂಚು ದಾಟಿ ಬಲಕ್ಕೆ ಸೋರಿ, ವೇಷಧಾರಿಯ ಪಕ್ಕದ ಗಾಳಿಗೂ ಹಚ್ಚಿದಂತಾಗುತ್ತದೆ. ಸ್ಯಾಚುರೇಶನ್ನನ್ನು (ಬಣ್ಣದ ಗಾಢತೆ), ಮುಖ್ಯವಾಗಿ ಕೆಂಪಿನದನ್ನು, 15ರಿಂದ 20 ಪ್ರತಿಶತ ಇಳಿಸಿ. ಕಂಪ್ಯೂಟರಿನಲ್ಲಿ ಮಂಕಾಗಿ ಕಂಡರೂ ಟೇಪಿನಲ್ಲಿ ಸರಿ ಬರುತ್ತದೆ. ಬಿಳಿಗೂ ಮಿತಿ ಇದೆ, 0ಯಿಂದ 255ರ ಬೆಳಕಿನ ಅಳತೆಯಲ್ಲಿ 235 ದಾಟಬಾರದು. ಕಾರವಾರದ ಕಡಲತೀರದಲ್ಲಿ ಮಧ್ಯಾಹ್ನ ತೆಗೆದ ನೀರಿನ ಮಿನುಗು, ಅಪ್ಪಟ ಬಿಳಿಯ ಶೀರ್ಷಿಕೆ ಇವೆಲ್ಲ ಈ ಮಿತಿ ಮೀರುತ್ತವೆ. ವಿಸಿಆರನ್ನು ಆಂಟೆನಾ ವೈರಿನಲ್ಲಿ ಟಿವಿಗೆ ಜೋಡಿಸಿದ ಮನೆಯಲ್ಲಿ ಆ ಹೊತ್ತಿಗೆ ಸರಿಯಾಗಿ ಸ್ಪೀಕರು ಜುಯ್ ಅನ್ನುತ್ತದೆ. ಸ್ಪೀಕರಿನದೋ ವೈರಿನದೋ ದೋಷ ಎಂದುಕೊಂಡು ಹುಡುಕಬೇಡಿ, ತಪ್ಪು ಆ ಬಿಳಿಯದು.

ಕನ್ನಡದ ಶೀರ್ಷಿಕೆಗೆ ಇಂಗ್ಲಿಷಿಗಿಂತ ಹೆಚ್ಚು ಕಾಳಜಿ ಬೇಕು. ಒತ್ತಕ್ಷರ ಮೊದಲು ಸಾಯುತ್ತದೆ. ‘ಲಕ್ಷ್ಮೀ’ ಎಂದು ಬರೆದದ್ದರಲ್ಲಿ ಕೆಳಗಿನ ಎರಡು ಒತ್ತುಗಳು ಒಂದೇ ಮಸಿಯ ಚುಕ್ಕೆಯಾಗುತ್ತವೆ. ದಪ್ಪ ಅಕ್ಷರ, 576ರ ಎತ್ತರದಲ್ಲಿ ಒತ್ತು ಬಿಟ್ಟು ಕನಿಷ್ಠ 40 ಪಿಕ್ಸೆಲ್, ಕಡುನೀಲಿಯ ಮೇಲೆ ತಿಳಿಹಳದಿ. ಕಪ್ಪಿನ ಮೇಲೆ ಕೆಂಪಂತೂ ಬೇಡ. ತೆಳು ಅಡ್ಡಗೆರೆಗಳು ಇಂಟರ್‌ಲೇಸಿನಲ್ಲಿ (ಗೆರೆಗಳು ಎರಡು ಕಂತಿನಲ್ಲಿ ಬರುವ ಕ್ರಮ) ಮಿಣಮಿಣ ಅನ್ನುವುದರಿಂದ ಶೀರ್ಷಿಕೆಗೆ ಲಂಬವಾಗಿ ಒಂದು ಪಿಕ್ಸೆಲ್ ಬ್ಲರ್ ಕೊಡಿ. ಅಕ್ಷರವೆಲ್ಲ ಚಿತ್ರದ ನಡುವಿನ 80 ಪ್ರತಿಶತದೊಳಗೇ ಇರಲಿ, ಹಳೇ ಟಿವಿಗಳು ಅಂಚನ್ನು ತಿನ್ನುತ್ತವೆ.

ಶಬ್ದದ ವಿಚಾರದಲ್ಲಿ ಆಟದ ವಿಡಿಯೋ ಬಹಳ ಕಷ್ಟದ್ದು. ಹೈ-ಫೈ ಅಲ್ಲದ ವಿಸಿಆರಿನಲ್ಲಿ ಶಬ್ದ ಟೇಪಿನ ಅಂಚಿನ ಸಪೂರ ಪಟ್ಟಿಯಲ್ಲಿ ಕೂರುತ್ತದೆ, ಮಟ್ಟವನ್ನು ಮೆಷಿನ್ನೇ ಹೊಂದಿಸಿಕೊಳ್ಳುತ್ತದೆ. ಭಾಗವತರು ಸಣ್ಣ ದನಿಯಲ್ಲಿ ಪದ ಎತ್ತಿಕೊಂಡಾಗ ಮೆಷಿನ್ ಮಟ್ಟ ಏರಿಸುತ್ತದೆ, ಹಿನ್ನೆಲೆಯ ಶ್ಶ್ ಎಂಬ ಸದ್ದೂ ಜೊತೆಗೇ ಏರುತ್ತದೆ. ಚಂಡೆಯ ಮೊದಲ ಪೆಟ್ಟು ಬಿದ್ದ ಕೂಡಲೇ ಎಲ್ಲವನ್ನೂ ಕೆಳಗೆ ತುಳಿಯುತ್ತದೆ, ಮುಂದಿನ ಒಂದೆರಡು ಶಬ್ದ ಕೇಳಿಸುವುದೇ ಇಲ್ಲ. ಮೆಷಿನ್ನಿಗೆ ಆ ಅವಕಾಶ ಕೊಡದೆ ಕಂಪ್ಯೂಟರಿನಲ್ಲೇ ಕಂಪ್ರೆಸರ್ (ಜೋರು, ಮೆಲುದನಿಯ ಅಂತರ ಕುಗ್ಗಿಸುವ ಫಿಲ್ಟರ್) ಹಾಕಿ: 3:1 ಅನುಪಾತ, ಅತಿ ಎತ್ತರದ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ. 10 ಕಿಲೋಹರ್ಟ್ಸ್ ಮೇಲಿನದನ್ನು ಇಳಿಸಿಬಿಡಿ, ಆ ಪಟ್ಟಿಗೆ ಅದು ಹೇಗೂ ಏರುವುದಿಲ್ಲ. ವಿಸಿಆರಿಗೆ ಶಬ್ದದ ಒಂದೇ ತೂತು ಇದ್ದರೆ ಬಿಳಿ ಪಿನ್ನನ್ನಷ್ಟೇ ಚುಚ್ಚಿ ಸುಮ್ಮನಾಗಬೇಡಿ, ಬಲಗಡೆಯ ಮೈಕಿನದು ಪೂರ್ತಿ ಹೋಗುತ್ತದೆ. ಎಡಿಟಿಂಗಿನಲ್ಲೇ ಮೋನೋ ಮಾಡಿ. ಹೆಡ್‌ಫೋನ್ ತೂತಿನಿಂದ ಶಬ್ದ ಕೊಡುವುದಾದರೆ ವಾಲ್ಯೂಮ್ ಅರ್ಧದ ಆಚೀಚೆ ಸಾಕು. ಗುಂಯ್ ಎಂಬ ಸದ್ದು ಬಿಡದೇ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಟೇಪು ಇ-180 ಇರಲಿ, 3 ಗಂಟೆಯದು. ಇಡೀ ರಾತ್ರಿ ಆಡದ ಕಾಲಮಿತಿ ಯಕ್ಷಗಾನ ಸಾಮಾನ್ಯವಾಗಿ ಅದರಲ್ಲಿ ಹಿಡಿಯುತ್ತದೆ. ಇ-240ರ ಟೇಪು ತೆಳು, ಹಳೇ ಮೆಷಿನ್ನಿನಲ್ಲಿ ಸುಕ್ಕಾಗುವುದು ಬೇಗ. ಎಲ್‌ಪಿ ಎಂಬ ಅರ್ಧ ವೇಗದಲ್ಲಿ ಇಮ್ಮಡಿ ಹೊತ್ತು ಹಿಡಿಯುತ್ತದೆ ನಿಜ, ಆದರೆ ಚಿತ್ರವೂ ಶಬ್ದವೂ ಇಳಿಯುತ್ತವೆ, ಎಲ್ಲ ಮೆಷಿನ್ನಿನಲ್ಲಿ ಓಡುವುದೂ ಇಲ್ಲ. ನಮ್ಮ ಹವೆಯಲ್ಲಿ ದೊಡ್ಡ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ಸುರುಳಿಯ ಮೇಲ್ಮೈ ನೋಡಿ: ಬಿಳಿ ಪುಡಿ ಅಥವಾ ಎಳೆ ಕಂಡರೆ ಅದನ್ನು ಮೆಷಿನ್ನಿಗೆ ಹಾಕಲೇಬೇಡಿ. ಒಮ್ಮೆ ಓಡಿಸಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟಿಗೆ. ಎಸಿ ಕೋಣೆಯಿಂದ ಜಗಲಿಗೆ ತಂದ ವಿಸಿಆರಿನಲ್ಲಿ ಹೆಡ್ ಕೂತಿರುವ, ತಿರುಗುವ ಡ್ರಮ್ಮಿನ ಮೇಲೆ ಪಸೆ ಕೂರುತ್ತದೆ, ಟೇಪು ಅದಕ್ಕೆ ಅಂಟಿ ಸುತ್ತಿಕೊಳ್ಳುತ್ತದೆ. ಕ್ಯಾಸೆಟ್ ಹಾಕದೆ ಎರಡು ತಾಸು ಆನ್ ಮಾಡಿಟ್ಟರೆ ಅದರದೇ ಬಿಸಿಗೆ ಒಣಗುತ್ತದೆ. ಆಯ್ಕೆ ನಿಮ್ಮದಾದರೆ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಆರಿದ್ರಾ ಮಳೆಯಲ್ಲಿ ಅಲ್ಲ.

ಹೆಡ್ ಒರೆಸುವುದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಶಮಾಯ್ ಚರ್ಮದ ತುಂಡು. ಅದನ್ನು ಡ್ರಮ್ಮಿಗೆ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನೇ ಮೆಲ್ಲಗೆ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ಚೂರು ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ರೆಕಾರ್ಡಿಂಗ್ ದಿನ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ತಿರುಗಿ ಸುತ್ತಿ, ಬಿಗಿ ಒಂದೇ ಸಮ ಆಗುತ್ತದೆ. ವಿಡಿಯೋದ ಮೊದಲಿಗೂ ಕೊನೆಗೂ 30 ಸೆಕೆಂಡ್ ಕಪ್ಪು ಇರಲಿ. ಮೆಷಿನ್ನಿನ ವೇಗ ಹದಕ್ಕೆ ಬರಲು ಕೆಲ ಸೆಕೆಂಡ್ ಬೇಕು, ಹಾಗಾಗಿ ಮೊದಲು ರೆಕಾರ್ಡ್ ಒತ್ತಿ, 10 ಎಣಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಪ್ಲೇ. ವಿಎಲ್‌ಸಿ ಶುರುವಿನಲ್ಲಿ ಫೈಲಿನ ಹೆಸರನ್ನು ಚಿತ್ರದ ಮೇಲೆ ತೋರಿಸುತ್ತದೆ, ಸೆಟ್ಟಿಂಗಿನಲ್ಲಿ ತೆಗೆಯಿರಿ. ಸ್ಕ್ರೀನ್‌ಸೇವರ್, ನಿದ್ದೆ ಮೋಡ್, ವೈಫೈ ಎಲ್ಲ ಬಂದ್. ಮಂಗಳಾರತಿಯ ನಡುವೆ ಆ್ಯಂಟಿವೈರಸ್ಸಿನ ಚೀಟಿ ಬಂದು ಕೂತರೆ ಅಳಿಸಲಾಗದು. ಕರೆಂಟಿನ ಭರವಸೆ ಇಲ್ಲದ ಕಡೆ ವಿಸಿಆರನ್ನೂ ಯುಪಿಎಸ್ಸಿಗೆ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇದ್ದು ಕ್ಯಾಸೆಟ್ ಮಾತ್ರ ನಿಂತಿದ್ದು ಕೊನೆಗೇ ಗೊತ್ತಾಗುತ್ತದೆ. ಪೂರ್ತಿ ಮಾಡುವ ಮೊದಲು ಎರಡು ನಿಮಿಷದ ತುಣುಕೊಂದನ್ನು ಹಾಕಿ, ಅಜ್ಜಿಯ ಮನೆಯ ಟಿವಿಯಲ್ಲೇ ನೋಡಿ, ನಿಮ್ಮ ಮಾನಿಟರಿನಲ್ಲಿ ಅಲ್ಲ.

ಚಿತ್ರ ಮೇಲಕ್ಕೆ ಉರುಳುತ್ತಿದ್ದರೆ ಅಥವಾ ಕಪ್ಪುಬಿಳುಪಾಗಿದ್ದರೆ ಮೊದಲು ಡಬ್ಬಿಯ ಪಾಲ್ ಸ್ವಿಚ್ ನೋಡಿ. ಚಿತ್ರವೇ ಇಲ್ಲದಿದ್ದರೆ ವಿಸಿಆರ್ ಇನ್ನೂ ಟ್ಯೂನರ್ ಚಾನೆಲಿನಲ್ಲಿದೆ, ಎವಿ ಅಥವಾ ಎಲ್1ಕ್ಕೆ ಬದಲಿಸಿ. ಚಿತ್ರವಿದ್ದು ಶಬ್ದವಿಲ್ಲ ಎಂದರೆ ಕಂಪ್ಯೂಟರಿನ ಶಬ್ದ ಲ್ಯಾಪ್‌ಟಾಪ್ ಸ್ಪೀಕರಿಗೇ ಹೋಗುತ್ತಿದೆ, ಎಚ್‌ಡಿಎಂಐ ಆರಿಸಿ. ಚಿತ್ರದ ಬುಡದಲ್ಲಿ ಒಂದೆರಡು ಗೆರೆ ಹರಿದಂತೆ ಕಂಡರೆ ಅದು ಎಲ್ಲ ವಿಎಚ್‌ಎಸ್‌ನಲ್ಲೂ ಇರುವಂಥದ್ದು, ಟಿವಿಯ ಚೌಕಟ್ಟು ಮುಚ್ಚುತ್ತದೆ.

ಮುಗಿದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಯಾರೂ ಮೇಲೆ ರೆಕಾರ್ಡ್ ಮಾಡಲಾರರು. ಮುಂದೆ ಬೇಕೆಂದರೆ ಆ ತೂತಿಗೆ ಸೆಲ್ಲೋ ಟೇಪ್ ಅಂಟಿಸಿದರಾಯಿತು. ಪೂರ್ತಿ ತಿರುಗಿ ಸುತ್ತಿ, ಕ್ಯಾಸೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಎರಡನೇ ಪ್ರತಿ ಕೇಳಿದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಮಾಡಬೇಡಿ, ಮತ್ತೆ ಕಂಪ್ಯೂಟರಿನಿಂದಲೇ ಹಾಕಿ. ಅದಕ್ಕಾಗಿ 720×576ರ ಆ ಫೈಲನ್ನು ಅಳಿಸದೆ ಇಟ್ಟಿರಿ.