ದಾಂಡೇಲಿಯಿಂದ ಮರವಂತೆಗೆ, ನಾವಿಬ್ಬರೇ

ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಕಾರಲ್ಲಿ ಹೊರಟಿದ್ದೆವು. ದಾಂಡೇಲಿ, ಅಣಶಿ ಘಟ್ಟ, ಕಾರವಾರ, ಆಮೇಲೆ ಹೆದ್ದಾರಿ 66 ಹಿಡಿದು ಮರವಂತೆ ತನಕ.

ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡಿದೆವು. ಮೊದಲು ಕೇಳಿಸಿದ್ದು ರೆಕ್ಕೆಯ ಸದ್ದು. ದೂರದ ಮರವೊಂದರಲ್ಲಿ ಅದರ ಪೊಟರೆಯನ್ನು ಗೈಡ್ ತೋರಿಸಿದರು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೆ ಗಂಡು ತಂದುಕೊಟ್ಟಿದ್ದೇ ಊಟ. ನಾವು ನೋಡುತ್ತಿದ್ದಾಗಲೇ ಗಂಡು ಬಂತು. ಗಂಟಲಿಂದ ಒಂದೊಂದೇ ಹಣ್ಣು ತೆಗೆದು, ಕೊಕ್ಕಿನ ತುದಿಯಲ್ಲಿ ಹಿಡಿದು, ಸೀಳಿನೊಳಗೆ ಕೊಡುತ್ತಿತ್ತು. ಇವರು ಕ್ಯಾಮೆರಾ ಇಳಿಸಿ ಸುಮ್ನೆ ನಿಂತುಬಿಟ್ಟರು.

ನನಗೆ ಬಾಣಂತನದ ದಿನಗಳು ನೆನಪಾದವು. ಆಫೀಸಿಂದ ಬಂದವರೇ ತಟ್ಟೆ ಹಿಡಿದು ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಘಟ್ಟ ಇಳಿಯುವಾಗ ಅದನ್ನು ಹೇಳಿದೆ. "ನಿಂಗೆ ಅದೆಲ್ಲ ಇನ್ನೂ ನೆನಪಿದ್ಯಾ?" ಅಂದರು. ಎಷ್ಟೋ ವರ್ಷದ ಮೇಲೆ ಹೀಗೆ ಮಾತಾಡಿದೆವು. ಮನೆಯಲ್ಲಿ ಇಷ್ಟು ಬಿಡುವು ಎಲ್ಲಿ ಸಿಗುತ್ತೆ, ಅಲ್ವಾ?

ಕಾರವಾರದಲ್ಲಿ ಬಂಗಡೆ ಫ್ರೈ, ಸೋಲ್ ಕಡಿ. ಹೊನ್ನಾವರದಲ್ಲಿ ಶರಾವತಿ ದಾಟಿದೆವು. ಮರವಂತೆಯಲ್ಲಂತೂ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ ಅಷ್ಟೇ. ನನಗೆ ಕರಾವಳಿಯಲ್ಲಿ ತುಂಬಾ ಇಷ್ಟವಾದ ಜಾಗ.

ದಾಂಡೇಲಿಗೆ ಮಾರ್ಚ್ ಹೊತ್ತಿಗೆ ಹೋಗಿ. ಆದರೆ ಫೋಟೋ ಆಸೆಗೆ ಗೂಡಿನ ಹತ್ತಿರ ಹೋಗಬೇಡಿ. ಗಂಡು ಹೆದರಿ ದೂರವೇ ಉಳಿದರೆ ಒಳಗಿರುವ ತಾಯಿ, ಮರಿಗಳಿಗೆ ಊಟ ತಪ್ಪುತ್ತದೆ.